ನಾಯಿ ಕೊಡುವ ಅಕ್ಕ

ಬೀದಿಪಾಲಾದ ನಾಯಿಗಳ ಆಶ್ರಯಧಾಮದಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಾರೆ. ಬಾಲದ ತುದಿ ನೋಡಿಯೇ ನಾಯಿಯ ಹಿಂದಿನ ಮನೆಯ ಜಗಳವನ್ನೆಲ್ಲ ಹೇಳಿಬಿಡುವ ಆಕೆ, ನಾಯಿ ಸಾಕಲು ಬಂದವರನ್ನು ಇನ್ನೂ ಹೆಚ್ಚು ದಿಟ್ಟಿಸುತ್ತಾಳೆ. "ಇದರ ಗಲೀಜು ಬಳಿಯೋರು ಯಾರು?" ಎಂಬುದೇ ಮೊದಲ ಪ್ರಶ್ನೆ. "ನಾವೆಲ್ಲ ಇದೀವಲ್ಲ ಅಕ್ಕ!" ಎಂದು ಗಂಡ ಎದೆಯುಬ್ಬಿಸಿದರೆ ಅವಳ ಕಣ್ಣು ಹಿಂದೆ ನಿಂತ ಹೆಂಡತಿಯ ಮೇಲೆ. "ಈ 'ನಾವೆಲ್ಲ' ಬೆಳಿಗ್ಗೆ ಆರಕ್ಕೆ ಎದ್ದಿದ್ದನ್ನ ನಾನು ಕಾಣೆ ಸ್ವಾಮಿ, ತಗೊಳ್ಳಿ" ಎಂದು ಪೊರಕೆ ಕೊಡುತ್ತಾಳೆ. ಗಂಡ ಒಂದು ಗೂಡು ತೊಳೆಯುವವರೆಗೂ ಅವಳು ಅವರ ಅರ್ಜಿ ಮುಟ್ಟುವುದಿಲ್ಲ. ಜಗಳಗಂಟಿ ಎಂದರೂ ಬಗ್ಗುವವಳಲ್ಲ, ಏಕೆಂದರೆ ಸಾಕಲಾಗದೆ ಜನ ವಾಪಸು ತಂದುಬಿಟ್ಟ ನಾಯಿಗಳನ್ನು ಸಮಾಧಾನ ಮಾಡುವವಳು ಅವಳೇ. ಆ ಮನೆಯಲ್ಲಿ ಅನ್ನ ಹಾಕಿದವಳಿಗಾಗಿ ಅವು ವಾರಗಟ್ಟಲೆ ಗೇಟು ಕಾಯುತ್ತವೆ. ಮನೆಗೆಲಸದ ಮೇಲೆ ನಾಯಿಯ ಚಾಕರಿಯನ್ನೂ ಒಬ್ಬಳೇ ಮಾಡಲಾಗದೆ ಅದನ್ನು ಇಲ್ಲಿ ಬಿಟ್ಟುಹೋದ ಆ ಹೆಂಗಸೂ ಒಂದು ದಿನ ತರಕಾರಿ ಚೀಲ ಹಿಡಿದು ರಸ್ತೆಯಾಚೆ ನಿಂತಿರುತ್ತಾಳೆ. ಅಕ್ಕ ಏನೂ ಕೇಳದೆ ಗೇಟು ತೆಗೆಯುತ್ತಾಳೆ.