ಮೇಲೆ ಯಾವ ದೇವರು?

ಸ್ನೇಹಿತರೇ, ಇಟಲಿಯ ಹಿಮದ ಬೆಟ್ಟದಲ್ಲಿ ಸ್ಕೀ ಆಡಿ ಬಂದ ಫೋಟೊಗಳನ್ನು ಇವತ್ತು ಹಾರನಹಳ್ಳಿಯಿಂದ ಬಂದಿದ್ದ ದೊಡ್ಡಮ್ಮನಿಗೆ ತೋರಿಸಿದ್ದೇ ತಪ್ಪಾಯಿತು.

"ಮೇಲೆ ಯಾವ ದೇವ್ರು ಐತೆ?"

"ಯಾವ್ದೂ ಇಲ್ಲ ದೊಡ್ಡಮ್ಮ. ತಂತಿ ಮೇಲೆ ಹೋಗೋ ಕುರ್ಚೀಲಿ ಹತ್ತೋದು, ಜಾರ್ಕೊಂಡು ಇಳಿಯೋದು."

"ಆಮೇಲೆ?"

"ಮತ್ತೆ ಹತ್ತೋದು."

ದೊಡ್ಡಮ್ಮ ಕನ್ನಡಕ ಏರಿಸಿ ನನ್ನನ್ನೇ ನೋಡಿದರು. ಆಮೇಲೆ ಅಡುಗೆಮನೆಗೆ ಹೋಗಿ, ನನಗೂ ಕೇಳಿಸುವಷ್ಟು ಮೆಲ್ಲಗೆ ಅಮ್ಮನಿಗೆ ಹೇಳಿದರು: "ದೇವ್ರಿಲ್ದಿರೋ ಬೆಟ್ಟನ ಯಾರಾದ್ರೂ ಅಷ್ಟು ಸಲ ಹತ್ತುತಾರಾ? ಏನೋ ಹರಕೆ ಐತೆ. ನಿನ್ ಮಗಳು ಮುಚ್ಚಿಡ್ತಾವ್ಳೆ."

ದೊಡ್ಡಮ್ಮನನ್ನು ಬಸ್ಸು ಹತ್ತಿಸಿ ಬಂದ ಅಮ್ಮ ನನ್ನ ಪಕ್ಕ ಕೂತಳು.

"ನನ್ ಹತ್ರನಾದ್ರೂ ಹೇಳು. ಯಾವ ದೇವ್ರಿಗೆ ಹರಕೆ ಹೊತ್ಕೊಂಡಿದ್ದೆ?"

ಆ ಬೆಟ್ಟಕ್ಕೆ ಹೊಂದುವ ದೇವರ ಹೆಸರೊಂದನ್ನು ಬೇಗ ಸೂಚಿಸಿ. ಅಮ್ಮ ಇನ್ನೂ ನನ್ನ ಪಕ್ಕದಿಂದ ಎದ್ದಿಲ್ಲ.