ಬಂದೂಕಿಲ್ಲದ ದಂಡು

ನಮ್ಮ ಯಜಮಾನರು ಧಾರವಾಡದವರು, ಮೂಳೆ ಡಾಕ್ಟರು. ಲಂಡನ್ನಿನ ಸಟನ್ನಿನಲ್ಲಿದ್ದ ನಮ್ಮ ಮನೆಯ ಸೋರುವ ನಲ್ಲಿಗೆ ಒಂದು ವಾಷರ್ ಹಾಕಿಸಲು ಅವರಿಗೆ ಎಂದೂ ಪುರಸೊತ್ತಾಗಲಿಲ್ಲ. ಆದರೆ ದೇಶಕ್ಕೊಂದು ಹೊಸ ಸೇನೆ ಕಟ್ಟುವ ಯೋಜನೆ ಮಾತ್ರ ಯಾವತ್ತೂ ಸಿದ್ಧವಾಗಿರುತ್ತಿತ್ತು.

ಯಾವ ದೇಶಕ್ಕೆ ಎಂದರೆ, ಎಲ್ಲ ದೇಶಕ್ಕೂ. ತೊಂಬತ್ತರ ದಶಕದ ಉದ್ದಕ್ಕೂ, ಯುಗಾದಿಗೋ ದೀಪಾವಳಿಗೋ ಕನ್ನಡದವರು ಸೇರಿದಾಗ, ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಹುಡುಗರು ಅವರ ಕೈಗೆ ಸಿಕ್ಕಿಬೀಳುತ್ತಿದ್ದರು.

"ಭೂಸೇನಾ ಅದ, ನೌಕಾಸೇನಾ ಅದ, ವಾಯುಸೇನಾ ಅದ. ನಾಕನೇದ್ದೊಂದು ಬೇಕು. ಬಂದೂಕು ಇರಬಾರದು. ಮಹಾಪೂರ ಬರ್ಲಿ, ಭೂಕಂಪ ಆಗ್ಲಿ, ಓಡಿ ಹೋಗಿ ಮಂದೀನ್ನ ಉಳಸಬೇಕು. ಆಮ್ಯಾಲೆ ಅಲ್ಲೇ ನಿಂತು ಮನಿ ಕಟ್ಟಿಕೊಡಬೇಕು. ಹದಿನೆಂಟು ತುಂಬಿದವರೆಲ್ಲಾ ಒಂದು ವರ್ಷ ಸೇರಬೇಕು. ಡಾಕ್ಟರ ಮಕ್ಕಳನ್ನೂ ಬಿಡಬಾರದು!"

ಹುಡುಗರು "ಯೆಸ್ ಅಂಕಲ್" ಎಂದು ಹಪ್ಪಳದ ಕಡೆ ಜಾರಿಕೊಳ್ಳುತ್ತಿದ್ದರು. ಸ್ನೇಹಿತರು ಇವರಿಗೆ ದಂಡನಾಯಕರು ಎಂದು ಹೆಸರಿಟ್ಟಿದ್ದರು. ನಾನು ಮೈಸೂರಿನವಳು, ಸುಮ್ಮನಿರುವ ಜಾಯಮಾನ ನನ್ನದಲ್ಲ. "ಮೊದಲು ನಲ್ಲಿ ಸರಿಮಾಡಿಸಿ, ಮಹಾಪೂರ ನಮ್ಮ ಅಡುಗೆಮನೆಗೇ ಬಂದಿದೆ" ಎನ್ನುತ್ತಿದ್ದೆ. ಆದರೆ ಟಿವಿಯಲ್ಲಿ ಎಲ್ಲೋ ಒಂದು ಮನೆ ಬಿದ್ದದ್ದು ಕಂಡರೂ ಆ ಮನುಷ್ಯನಿಗೆ ಅನ್ನ ಸೇರುತ್ತಿರಲಿಲ್ಲ. ಅಂಥವರ ಮೇಲೆ ಎಷ್ಟು ಹೊತ್ತು ಸಿಟ್ಟಿನಲ್ಲಿರುವುದು? ನನಗೆ ಅವರ ಹುಚ್ಚಿನ ಮೇಲೆ ಪ್ರೀತಿಯೇ ಇತ್ತು.

ಅವರ ಮಾತನ್ನು ನಿಜವಾಗಿ ಕಿವಿಗೆ ಹಾಕಿಕೊಂಡವಳು ಒಬ್ಬಳೇ, ನಮ್ಮ ಮಗಳು. ಗುಜರಾತಿನಲ್ಲಿ ಭೂಕಂಪವಾದ ವರ್ಷ ಅವಳಿಗೆ ಹದಿನೆಂಟಾಯಿತು, ಮೆಡಿಕಲ್ ಸೀಟೂ ಸಿಕ್ಕಿತು. ಒಂದು ಭಾನುವಾರ ದೋಸೆ ತಿನ್ನುತ್ತಾ, ಸೀಟನ್ನು ಒಂದು ವರ್ಷ ಮುಂದಕ್ಕೆ ಹಾಕಲು ಕಾಲೇಜಿನವರು ಒಪ್ಪಿದ್ದಾರೆ, ಕಛ್‌ನಲ್ಲಿ ಬಿದ್ದ ಮನೆಗಳನ್ನು ಕಟ್ಟುವವರ ಜೊತೆ ಹೋಗುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಯಜಮಾನರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. "ಹುಚ್ಚು ಹಿಡದದೇನು ನಿನಗ? ಅಲ್ಲಿ ಇನ್ನೂ ನೆಲ ನಡಗ್ತದ. ಮೊದಲ ಓದು ಮುಗಸು."

"ಬಟ್ ಅಪ್ಪಾ, ಯೂ ಸೆಡ್ ಎವ್ರಿವನ್."

"ಅದು ಸರಕಾರ ಮಾಡಬೇಕಾದ್ದು! ತರಬೇತಿ ಇರಬೇಕು, ನೋಡ್ಕೊಳ್ಳೋವ್ರು ಇರಬೇಕು. ಹಿಂಗ ಎದ್ದು ಹೋಗೂದಲ್ಲ."

ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಆಡಲಿಲ್ಲ. ನನಗೂ ಅವಳನ್ನು ಕಳಿಸಲು ಭಯವಿತ್ತು. ಮಗಳು ಕೂಗಾಡಲಿಲ್ಲ. ನೀವು ಬೇಡ ಎಂದರೆ ಹೋಗುವುದಿಲ್ಲ, ಆದರೆ ಇನ್ನು ಯಾರ ಮುಂದೆಯೂ ಆ ಸೇನೆಯ ಮಾತು ಎತ್ತಬೇಡಿ ಎಂದಳು. ತಟ್ಟೆ ತೊಳೆದಿಟ್ಟು ಮೇಲೆ ತನ್ನ ರೂಮಿಗೆ ಹೋದಳು.

ಆ ವಾರವೇ ಲಂಡನ್ನಿನ ಇನ್ನೊಂದು ತುದಿಗಿರುವ ಎಜ್‌ವೇರಿನಲ್ಲಿ ಸ್ನೇಹಿತರ ಮನೆಯಲ್ಲಿ ಗಣೇಶನ ಹಬ್ಬ. "ಏನು ದಂಡನಾಯಕರೇ, ಎಲ್ಲಿಗೆ ಬಂತು ಸೇನೆ?" ಎಂದು ಯಾರೋ ರೇಗಿಸಿದರು. ಇವರು ತಲೆ ಎತ್ತದೆ ಕಡುಬನ್ನು ತುಪ್ಪದಲ್ಲಿ ಅದ್ದುತ್ತಾ ಕುಳಿತರು. ಮಗಳು ಅದನ್ನು ನೋಡಿದಳು. ಅಪ್ಪನ ಮುಖ ಅಷ್ಟು ಸಣ್ಣಗಾದದ್ದನ್ನು ನಾನೂ ಅವತ್ತೇ ನೋಡಿದ್ದು.

ಮರುದಿನ ಅವರು ಹಳೆಯ ಪಂಚೆಯೊಂದನ್ನು ಪಟ್ಟಿಪಟ್ಟಿಯಾಗಿ ಹರಿದರು. ಗ್ಯಾರೇಜಿನಿಂದ ಎರಡು ಹಲಗೆ ತಂದು, ನನ್ನನ್ನು ಹಿತ್ತಲಿನ ಹುಲ್ಲಿನ ಮೇಲೆ ಮಲಗು ಎಂದರು. ಮಗಳನ್ನು ಕೂಗಿದರು. "ನಿಮ್ಮವ್ವನ ಕಾಲು ಮುರದದ. ದವಾಖಾನಿ ಇಲ್ಲ, ರಸ್ತೆ ಇಲ್ಲ. ಹೆಂಗ ಕಟ್ಟತೀ, ಕಟ್ಟು."

ಪಕ್ಕದ ಮನೆಯ ಅಜ್ಜಿ ಬೇಲಿಯ ಮೇಲಿಂದ ಇಣುಕಿ, ಆಂಬ್ಯುಲೆನ್ಸ್ ಕರೆಯಲೇ ಎಂದು ಗಾಬರಿಯಿಂದ ಕೇಳಿದರು. ನಾನು ಮಲಗಿದಲ್ಲಿಂದಲೇ ಬೇಡ ಎಂದು ಕೈಯಾಡಿಸಿದೆ. ಮಗಳು ಕಟ್ಟಿದಳು, ಅಪ್ಪ ಬಿಚ್ಚಿಸಿದರು. ಮತ್ತೆ ಕಟ್ಟಿದಳು, ಈ ಸಲ ಶಕ್ತಿಯೆಲ್ಲ ಹಾಕಿ. ಅವರು ನನ್ನ ಹೆಬ್ಬೆರಳನ್ನು ಒತ್ತಿ ಬಣ್ಣ ನೋಡಿದರು.

"ಭಾಳ ಬಿಗಿ ಆತು. ಜೀವ ಇರೋ ಕಾಲು ಇದು, ರಕ್ತ ಓಡಾಡಬೇಕು. ಸ್ವಲ್ಪ ಸಡ್ಲ ಬಿಡಬೇಕು."

ಅವಳು ಗಂಟು ಸಡಿಲಿಸಿದಳು. ಅವರು ನನ್ನ ಪಾದ ಹಿಡಿದುಕೊಂಡು ಮತ್ತೊಮ್ಮೆ ಹೆಬ್ಬೆರಳು ಒತ್ತಿ ನೋಡಿದರು. ಆಮೇಲೆ ಅವಳ ಮುಖ ನೋಡದೆ ಕೇಳಿದರು, "ಟಿಕೀಟು ಯಾವಾಗಿಂದು ತಗೊಳ್ಳೋಣು?"

ಮಗಳಿಗೆ ಅಳು ಬಂದಿತ್ತು. ಇವರಿಗೂ ಬಂದಿತ್ತು. ಹಲಗೆ ಕಟ್ಟಿದ ಕಾಲಿಟ್ಟುಕೊಂಡು ಏಳಲಾಗದೆ, ನಾನು ಮಲಗಿದಲ್ಲಿಂದಲೇ ಇವರ ಕೈ ಹಿಡಿದುಕೊಂಡೆ.