ದುರ್ಬೀನಿಗೆ ಬಿದ್ದ ಒದೆ

ಮೊದಲ ಏಟು ಬಿದ್ದಾಗ ನನ್ನ ಕೈಯಲ್ಲಿ ಬಿಳಿ ಧೋತರದ ತುಂಡಿತ್ತು. ಕೊನೆಯ ಫೋಟೋ ಮುಗಿಸಿ ಅದನ್ನು ದುರ್ಬೀನಿನ ಬಾಯಿಂದ ಬಿಚ್ಚುತ್ತಿದ್ದೆ. ಆಗಷ್ಟೇ ಬೆಳಕು ಹರಿಯುತ್ತಿತ್ತು, ಬೀದರದ ನಮ್ಮ ಓಣಿಯ ಮಾಳಿಗೆಗಳ ಮೇಲೆ ಮಲಗಿದ್ದವರು ಒಬ್ಬೊಬ್ಬರೇ ಎದ್ದು ಹಾಸಿಗೆ ಸುತ್ತುತ್ತಿದ್ದರು. ಏಟು ಎಡಗಿವಿಗೆ ಬಿತ್ತು. ಕಿವಿಯೊಳಗೆ ಎದ್ದ ಗುಂಯ್ ಸದ್ದಿನ ಆಚೆಯಿಂದ ಮಾತು ಕೇಳಿಸಿತು.

"ಬೇಶರಂ! ನಮ್ಮ ಹೆಣ್ಮಕ್ಕಳದು ಫೋಟೋ ತಗೀಲತ್ತೀ?"

ಹೊಡೆದವನು ಪಕ್ಕದ ಮನೆಯ ಬೇಳೆ ವ್ಯಾಪಾರಿ. ಎರಡು ಮಾಳಿಗೆಗಳ ನಡುವಿನ ಮೊಣಕಾಲೆತ್ತರದ ಗೋಡೆ ದಾಟಿ ಬಂದಿದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ಎರಡನೆಯದು ತುಟಿಗೆ ಬಿತ್ತು. ಆಮೇಲೆ ಅವನು ದುರ್ಬೀನಿಗೆ ಒದ್ದ. ಅದು ಸ್ಟ್ಯಾಂಡಿನ ಸಮೇತ ಉರುಳಿ ಮೆಟ್ಟಿಲ ಮೇಲೆ ಧಡಧಡ ಇಳಿಯಿತು. ನನಗೆ ಬಿದ್ದ ಏಟಿಗಿಂತ ಆ ಸದ್ದು ಹೆಚ್ಚು ನೋವು ಕೊಟ್ಟಿತು. ಸುತ್ತಲಿನ ಮಾಳಿಗೆಗಳಿಂದ ಇನ್ನೂ ನಾಲ್ಕಾರು ಗಂಡಸರು ಹಾರಿ ಬಂದರು. ಯಾಕೆ ಏನು ಎಂದು ಒಬ್ಬನೂ ಕೇಳಲಿಲ್ಲ, ಬಂದವರೆಲ್ಲ ಹೊಡೆದರು. ಬರದ ವರ್ಷ ಅದು. ನಲ್ಲಿಯಲ್ಲಿ ನೀರಿಲ್ಲ, ನಿದ್ದೆ ಇಲ್ಲ, ಹೊಡೆಯಲು ಯಾರಾದರೂ ಸಿಕ್ಕರೆ ಸಾಕು ಎಂದು ಕೈ ತುರಿಸಿಕೊಂಡು ಕೂತವರೇ ಎಲ್ಲರೂ.

ಬಿಡಿಸಿದವಳು ನನ್ನ ಹೆಂಡತಿ. ಕೆಳಗಿನಿಂದ ಓಡಿ ಬಂದವಳು ಒಬ್ಬನ ಕೈ ಕಚ್ಚಿದಳು, ಇನ್ನೊಬ್ಬನ ಬೆನ್ನಿಗೆ ಖಾಲಿ ಕೊಡದಿಂದ ಅಪ್ಪಳಿಸಿದಳು. "ಮುಟ್ಟ್ರಿ ನೋಡ್ತೀನಿ! ನನ್ನ ಗಂಡ ಅಂಥಾವ ಅಲ್ಲ!" ಎಂದು ಅವಳು ಕಿರುಚಿದ್ದು ಮುಖ್ಯ ರಸ್ತೆಯ ತನಕ ಕೇಳಿಸಿರಬೇಕು. ಗಂಡಸರು ಹಿಂದೆ ಸರಿದರು. ರಕ್ತ ನುಂಗುತ್ತಾ ಬಿದ್ದಲ್ಲಿಂದಲೇ ಅವಳ ಮುಖ ನೋಡಿದೆ. ಆ ಮಾತು ಅವಳು ಅವರಿಗೆ ಹೇಳುತ್ತಿದ್ದಳೋ, ತನಗೇ ಹೇಳಿಕೊಳ್ಳುತ್ತಿದ್ದಳೋ, ನನಗೆ ಅನುಮಾನ ಬಂತು.

ಅನುಮಾನಕ್ಕೆ ಕಾರಣವಿತ್ತು. ಅವಳ ತವರು ಔರಾದ. ಆ ವರ್ಷ ಅಲ್ಲಿಂದ ಹೊರಟ ಬಸ್ಸುಗಳ ತುಂಬ ಹೈದರಾಬಾದಿಗೆ ದುಡಿಯಲು ಹೋಗುವವರೇ. ಹೋದವರಲ್ಲಿ ಕೆಲವರು ತಿರುಗಿ ಬರಲೇ ಇಲ್ಲ. ಅವಳ ಅಕ್ಕನ ಗಂಡ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಆ ಸುದ್ದಿ ಬಂದ ದಿನ ನನ್ನ ಹೆಂಡತಿ ರೊಟ್ಟಿ ಬಡಿಯುತ್ತಲೇ ಹೇಳಿದ್ದಳು: "ನೀವು ಬ್ಯಾರೆ ಹೆಣ್ಣಿನ ಕಡಿ ನೋಡಿದ್ದು ಗೊತ್ತಾದ್ರ ನಾ ಕೇಳಾಕೂ ನಿಂದ್ರಂಗಿಲ್ಲ. ಸೀದಾ ಔರಾದಿಗಿ ಹೋಗ್ತೇನಿ." ಹೇಳಿದರೆ ಮಾಡುವವಳು ಅವಳು. ಓಣಿ ನಂಬದಿದ್ದರೆ ಇನ್ನೊಂದು ಓಣಿಯಲ್ಲಿ ಮನೆ ಹಿಡಿಯಬಹುದಿತ್ತು. ಅವಳು ನಂಬದಿದ್ದರೆ ನನಗೆ ಮನೆಯೇ ಇರಲಿಲ್ಲ.

ನಾನು ಮಾಡುತ್ತಿದ್ದದ್ದು ಇಷ್ಟೆ. ಸಪ್ತರ್ಷಿಗಳ ಬಾಲದ ಕೊನೆಯ ನಕ್ಷತ್ರದ ಹತ್ತಿರ ಸುಳಿಯಂಥ ಒಂದು ಗ್ಯಾಲಕ್ಸಿ ಇದೆ. ಮಗುವಿನ ನೆತ್ತಿಯ ಸುಳಿ ಇರುತ್ತದಲ್ಲ, ಹಾಗೆಯೇ. ಬೀದರದಲ್ಲಿ ನಿಂತು ತಲೆ ಎತ್ತಿದರೆ ಅದು ಕಾಣುವುದಿಲ್ಲ. ಚೌಕದ ಹೈಮಾಸ್ಟ್ ದೀಪ, ಕಲ್ಯಾಣ ಮಂಟಪದ ಸೀರಿಯಲ್ ದೀಪ, ಅಂಗಡಿ ಬೋರ್ಡುಗಳು ಎಲ್ಲ ಸೇರಿ ಆಕಾಶವನ್ನು ಕೆಡಿಸಿಬಿಟ್ಟಿವೆ. ಅಂಥ ಆಕಾಶದಲ್ಲಿ ಒಂದು ಫೋಟೋ ತೆಗೆದರೆ ಬರುವುದು ಬರೀ ಕಿತ್ತಳೆ ಮಬ್ಬು. ಅದಕ್ಕೇ ರಾತ್ರಿಯೆಲ್ಲ ನೂರಾರು ತೆಗೆಯಬೇಕು. ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ನಕ್ಷತ್ರಕ್ಕೆ ನಕ್ಷತ್ರ ಕೂಡಿಸಿ ಪೇರಿಸಬೇಕು, ಊರಿನ ಬೆಳಕನ್ನು ಕಳೆಯಬೇಕು. ಆಗ ಉಳಿಯುವುದೇ ಗ್ಯಾಲಕ್ಸಿ. ಬಿಳಿ ಬಟ್ಟೆ ಕಟ್ಟುವುದೂ ಅದಕ್ಕೇ. ಬೆಳಗಿನ ಬೆಳಕನ್ನು ಬಟ್ಟೆಯ ಮೂಲಕ ಹಿಡಿದರೆ ಗಾಜಿನ ಮೇಲೆ ಧೂಳು ಎಲ್ಲೆಲ್ಲಿ ಕೂತಿದೆ ಎಂದು ಗೊತ್ತಾಗುತ್ತದೆ, ಆ ಕಲೆಗಳನ್ನೂ ಕಳೆಯಬಹುದು. ಆ ವರ್ಷ ಧೂಳಿಗೇನು ಬರವಿರಲಿಲ್ಲ.

ಆ ಹೊತ್ತಿಗೆ ಸುಳಿ ವಾಯವ್ಯಕ್ಕೆ ಇಳಿದಿತ್ತು, ದುರ್ಬೀನೂ ಅದರ ಹಿಂದೆಯೇ ತಲೆ ತಗ್ಗಿಸಿತ್ತು. ದೂರದಿಂದ ನೋಡಿದವರಿಗೆ ಅದು ಓಣಿಯ ಮಾಳಿಗೆಗಳನ್ನೇ ದಿಟ್ಟಿಸುವಂತೆ ಕಂಡಿರಬೇಕು. ಇದನ್ನೆಲ್ಲ ಒಡೆದ ತುಟಿಯಲ್ಲಿ ಹೇಳಲು ನೋಡಿದೆ. ಯಾರಿಗೆ ಹೇಳುವುದು?

ಕಡೆಗೆ ನ್ಯಾಯ ಹೇಳಿದವರು ಮೂರನೇ ಮನೆಯ ಟೀಚರ್ ಬಾಯಿ. ರಿಟೈರ್ ಆಗಿ ಒಬ್ಬರೇ ಇದ್ದರು. ಅವರ ಮಾತಿಗೆ ಓಣಿಯಲ್ಲಿ ಬೆಲೆಯಿತ್ತು, ಅಲ್ಲಿನ ಅರ್ಧ ಗಂಡಸರು ಸಾಲಿಯಲ್ಲಿ ಅವರ ಕೈಯಿಂದ ಬೆತ್ತದ ಏಟು ತಿಂದವರು. "ಕ್ಯಾಮೆರಾ ಇಲ್ಲೇ ಅದ. ಕಂಪ್ಯೂಟರ್ ಇಲ್ಲೇ ಅದ. ಎಲ್ಲಾರ ಮುಂದ ತಗದ್ ತೋರಸಲಿ. ಹೆಣ್ಮಕ್ಕಳು ಕಂಡ್ರ ಆಮ್ಯಾಲ ಏನ್ ಮಾಡಬೇಕೋ ಮಾಡ್ರಿ," ಎಂದರು.

ಹಾಗೆ ಇಡೀ ಓಣಿ ನಮ್ಮ ಪಡಸಾಲೆಗೆ ಬಂದು ಕೂತಿತು. ಆಗ ನನ್ನ ಹೆಂಡತಿ ಮಾಡಿದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮನೆಗೆ ಬಂದವರಿಗೆ ಮೊದಲು ಒಂದು ಚೊಂಬು ನೀರು ಕೊಡುವುದು ನಮ್ಮ ಕಡೆಯ ರೂಢಿ. ನಲ್ಲಿ ಬಂದು ವಾರ ದಾಟಿತ್ತು. ಓಣಿಯಲ್ಲಿ ಯಾರೋ ನೀರು ಕದಿಯುತ್ತಿದ್ದರೆಂದು ಪ್ರತಿ ಮಾಳಿಗೆಯ ಟ್ಯಾಂಕಿಗೂ ಬೀಗ ಬಿದ್ದಿತ್ತು. ಅವಳು ಸೆರಗಿಗೆ ಕಟ್ಟಿದ್ದ ಚಾವಿ ಬಿಚ್ಚಿ, ಟ್ಯಾಂಕಿಯ ಬೀಗ ತೆಗೆದು, ನನ್ನನ್ನು ಹೊಡೆದವರಿಗೆ ನೀರು ತಂದಿಟ್ಟಳು. ಬೇಳೆ ವ್ಯಾಪಾರಿ ಗಟಗಟ ಕುಡಿದು, ಇನ್ನೊಂದು ಚೊಂಬು ಕೇಳಿದ. ಅವಳು ಅದನ್ನೂ ಕೊಟ್ಟಳು. ಆ ಚೊಂಬು ಕಸಿದು ಅವನ ಹಲ್ಲು ಉದುರಿಸಬೇಕೆನ್ನಿಸಿತು ನನಗೆ.

ಕ್ಯಾಮೆರಾದ ಕಾರ್ಡು ಹಾಕಿ ಮೊದಲ ಫೋಟೋ ತೆರೆದೆ. ಕಿತ್ತಳೆ ಮಬ್ಬು. ಎರಡನೆಯದೂ ಮಬ್ಬು. "ಏನೈತ್ರಿ ಇದ್ರಾಗ? ಅಳಿಸ್ಯಾನ!" ಎಂದ ಒಬ್ಬ. ಬಿಳಿ ಬಟ್ಟೆಯಲ್ಲಿ ತೆಗೆದ ಒಂದನ್ನು ತೋರಿಸಿದರೆ ಬರೀ ಬಿಳಿ. ಹಿಂದಿನಿಂದ ಯಾರೋ ತಲೆಗೆ ಕುಟ್ಟಿದರು. "ಪೂರಾ ಆಗೂತನಕ ತಡೀರಿ, ಒಳ್ಳೇವಷ್ಟೇ ಕೂಡಿಸ್ತೇನಿ," ಎಂದೆ. ನಕ್ಷತ್ರ ಹೊಂದಿಸುವ ಪ್ರೋಗ್ರಾಂ ಶುರು ಮಾಡಿದೆ. ನಮ್ಮ ಕಂಪ್ಯೂಟರ್ ಮುದಿ ಎಮ್ಮೆ, ಏದುಸಿರು ಬಿಡುತ್ತಾ ಮೆಲುಕು ಹಾಕುತ್ತಿತ್ತು. ನಡುವೆ ಕರೆಂಟ್ ಹೋಯಿತು. ಫ್ಯಾನ್ ನಿಂತು ಕಂಪ್ಯೂಟರ್ ಇನ್ವರ್ಟರ್ ಮೇಲೆ ಓಡತೊಡಗಿತು. ಬೆವರು ತುಟಿಯ ಗಾಯಕ್ಕಿಳಿದು ಉರಿಯುತ್ತಿತ್ತು. ಒಬ್ಬರೂ ಎದ್ದು ಹೋಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪೇರಿಕೆ ಮುಗಿಯಿತು. ಮೊದಲು ಬಂದದ್ದು ಮತ್ತೆ ಮಬ್ಬೇ. ಬೆನ್ನ ಹಿಂದೆ ಗುಸುಗುಸು ಎದ್ದಿತು. ಒಂದು ಮೂಲೆಯಿಂದ ಹೈಮಾಸ್ಟ್ ದೀಪದ ಕೆಂಪನ್ನು ಕಳೆದೆ, ಇನ್ನೊಂದು ಮೂಲೆಯಿಂದ ಮಂಟಪದ ಬೆಳಕನ್ನು ಕಳೆದೆ. ಕತ್ತಲಲ್ಲಿ ಅಡಗಿದ್ದನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಎಳೆದೆ. ಜಾಸ್ತಿ ಎಳೆದರೆ ರವೆ ಚೆಲ್ಲಿದ ಹಾಗೆ ಚಿತ್ರ ಒಡೆಯುತ್ತದೆ. ನಡುವಿನಲ್ಲಿ ಬೂದಿಯಂಥದೊಂದು ಚುಕ್ಕೆ ಕಂಡಿತು, ಚುಕ್ಕೆಗೆ ಒಂದು ತೋಳು ಬಂತು, ಆಮೇಲೆ ಇನ್ನೊಂದು. ತೋಳಿನ ತುದಿಯಲ್ಲಿ ಸಣ್ಣದೊಂದು ಗ್ಯಾಲಕ್ಸಿ. ದೊಡ್ಡದು ಸಣ್ಣದರ ಮೈ ಹರಿಯುತ್ತಿದೆ, ಕೋಟಿಗಟ್ಟಲೆ ವರ್ಷದಿಂದ. ಅಂಥ ಹೊಡೆದಾಟ ದೂರದಿಂದ ನೋಡಿದರೆ ಹೂವಿನಂತೆ ಕಾಣುತ್ತದೆ. ಟೀಚರ್ ಬಾಯಿ ಕನ್ನಡಕ ಒರೆಸಿಕೊಂಡರು. ಗೆದ್ದೆ ಅಂದುಕೊಂಡೆ.

ಬೇಳೆ ವ್ಯಾಪಾರಿ ನಕ್ಕ. "ಇವ ಯಾರು ಮರ್ತೀರೇನ್ರಿ? ಮದುವಿ ಅಲ್ಬಮ್ ಮಾಡಾವ! ನಮ್ಮ ತಮ್ಮ ಪುಣೆದಾಗ ಇದ್ದಾಗ ಅವನ್ನ ನನ್ನ ಮಗಳ ಮದುವಿ ಫೋಟೋದಾಗ ನಿಂದ್ರಿಸ್ಯಾನ. ಸತ್ತ ಅಪ್ಪನ ಕೈಲೆ ಅಕ್ಷತಿ ಹಾಕ್ಸ್ಯಾನ. ಇವಗ ಒಂದು ಚುಕ್ಕಿ ಮಾಡಾದು ದೊಡ್ಡ ಮಾತಾ?"

ಸುಳ್ಳಲ್ಲ. ನನ್ನ ಹೊಟ್ಟೆಪಾಡೇ ಅದು. ಭಾಲ್ಕಿ ಸ್ಟೇಷನ್ನಿನಿಂದ ರೈಲು ಹತ್ತಿ ಹೋದವರು, ಔರಾದದಿಂದ ಬಸ್ಸು ಹತ್ತಿ ಹೋದವರು ಮದುವೆಗೆ ಬರಲು ಆಗುತ್ತಿರಲಿಲ್ಲ. ಬಂದರೆ ಕೂಲಿ ಕೆಲಸ ಹೋಗುತ್ತಿತ್ತು. ಅವರ ಮೊಬೈಲ್ ಫೋಟೋ ತರಿಸಿಕೊಂಡು, ಅಂಚು ಕತ್ತರಿಸಿ, ತಲೆಗೆ ಪಟಗ ಸುತ್ತಿ, ಚಪ್ಪರದ ಕೆಳಗೆ ನಿಲ್ಲಿಸುತ್ತಿದ್ದೆ. ಬರದ ವರ್ಷಗಳ ನಮ್ಮ ಕಡೆಯ ಅಲ್ಬಮ್ಮುಗಳಲ್ಲಿ ಅರ್ಧ ಬಳಗ ನಾನು ಅಂಟಿಸಿದ್ದೇ. ಆ ಪಡಸಾಲೆಯಲ್ಲಿ ಕೂತವರೆಲ್ಲ ನನ್ನಿಂದ ಒಬ್ಬಿಬ್ಬರನ್ನು ಅಂಟಿಸಿಕೊಂಡವರು, ಆ ಪುಟ ನೋಡಿ ಕಣ್ಣೀರು ಹಾಕಿದವರು. ಈಗ ಅವರೇ ತಲೆ ಅಲ್ಲಾಡಿಸಿದರು. "ಹೌದಲ್ಲಾ, ಇವ ಏನ್ ಬೇಕಾದ್ದು ಮಾಡ್ತಾನ." ಗಲಾಟೆ ಮತ್ತೆ ಎದ್ದಿತು. ಕೊರಳಪಟ್ಟಿಗೆ ಒಂದು ಕೈ ಬಂತು. ಕುರ್ಚಿ ಉರುಳಿತು.

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಮುಂದೆ ಬಂದಳು. ಈ ಸಲ ಅವಳು ಯಾರನ್ನೂ ಹೊಡೆಯಲಿಲ್ಲ. "ಒಳ್ಳೇವಷ್ಟೇ ಕೂಡಿಸ್ತೇನಿ ಅಂದ್ರಲ್ರಿ ನೀವು. ಬ್ಯಾಡ ಅಂತ ತಗದ್ ಒಗದಿದ್ದು ತೋರಸ್ರಿ," ಎಂದಳು ನನಗೆ.

ಪ್ರೋಗ್ರಾಂ ಕೆಟ್ಟ ಫೋಟೋಗಳನ್ನು ತಾನೇ ಬೇರೆ ಇಡುತ್ತದೆ. ಮೋಡ, ವಿಮಾನ, ಕೈ ತಾಗಿ ಅಲುಗಿದ್ದು. ಅವನ್ನು ತೆರೆದೆ. ಕೊನೆಕೊನೆಯವುಗಳಲ್ಲಿ ಸುಳಿ ತಗ್ಗಿಗೆ ಇಳಿದಂತೆ ಚಿತ್ರದ ಕೆಳಗೆ ಕಪ್ಪನೆಯದೊಂದು ದಿಂಡು ಎದ್ದಿತ್ತು. ಅದು ಟೀಚರ್ ಬಾಯಿಯ ಮನೆಯ ಟ್ಯಾಂಕಿ ಎಂದೆ. ದುರ್ಬೀನು ನೋಡುವುದು ನಕ್ಷತ್ರದಾಚೆಗೆ, ಹತ್ತಿರದ್ದು ಅದಕ್ಕೆ ಬರೀ ಕರಿ ಹೊಗೆ. ಮುಂದಿನ ಚಿತ್ರದಲ್ಲಿ ದಿಂಡಿನ ಪಕ್ಕ ಇನ್ನೊಂದು ಹೊಗೆ, ಅದರಾಚೆಯದರಲ್ಲಿ ಅದೇ ಹೊಗೆ ಬಾಗಿತ್ತು. ಗಂಡೋ ಹೆಣ್ಣೋ, ಮನುಷ್ಯನೋ ಗೂಬೆಯೋ ಹೇಳುವ ಹಾಗಿರಲಿಲ್ಲ. ದಿನಾ ಚಿತ್ರ ನೋಡುವ ನನಗೇ ಗೊತ್ತಾಗಲಿಲ್ಲ.

ಬೇಳೆ ವ್ಯಾಪಾರಿಗೆ ಗೊತ್ತಾಯಿತು. ಹಾರಿ ಬಂದು ಪರದೆಗೆ ಗುದ್ದಿದ. ಒಂದು ಮೂಲೆ ಸೀಳಿ ಅಲ್ಲಿ ಕಪ್ಪು ಹರಡಿತು. "ನಾ ಬರೇ ಬೀಗ ಹಾಕ್ಯಾರೋ ಇಲ್ಲೋ ನೋಡ್ಲಾಕ್ ಹೋಗಿದ್ದೆ!" ಎಂದು ಕೂಗಿದ.

ಅಲ್ಲಿ ಯಾರೋ ಇದ್ದರೆಂದು ಅಲ್ಲಿಯ ತನಕ ಒಬ್ಬರೂ ಹೇಳಿರಲಿಲ್ಲ.

ಟೀಚರ್ ಬಾಯಿಯ ಟ್ಯಾಂಕಿ ಮೂರು ಸಲ ಬರಿದಾಗಿತ್ತು. ಕಳ್ಳನನ್ನು ಹಿಡಿಯಲು ಸರದಿ ಕಾವಲು ಹಾಕಿದವನೇ ಈ ಮಹಾಶಯ. ಹಿಂದಿನ ತಿಂಗಳು ಔರಾದ ಕಡೆಯಿಂದ ಬಂದು ಕೊನೆಯ ಬಾಡಿಗೆ ಖೋಲಿಯಲ್ಲಿದ್ದ ಮೂಟೆ ಹೊರುವ ಒಬ್ಬ ಹಮಾಲನನ್ನು ಇದೇ ಅನುಮಾನದ ಮೇಲೆ ಕೈ ಮುರಿಯುವ ಹಾಗೆ ಹೊಡೆಸಿ ಓಣಿ ಬಿಡಿಸಿದ್ದ. ಅದು ಎಲ್ಲರಿಗೂ ಒಟ್ಟಿಗೇ ಹೊಳೆದಿರಬೇಕು. ಮೊದಲು ಕೈ ಎತ್ತಿದ್ದು ಯಾರೋ, ನಾನು ನೋಡಲಿಲ್ಲ. ಅವನನ್ನು ಕೊರಳು ಹಿಡಿದು ಅಂಗಳಕ್ಕೆ ಎಳೆದರು. ಮುಂಜಾನೆ ನನ್ನನ್ನು ಹೊಡೆದ ಕೈಗಳೇ. ಅವನ ಅಂಗಿ ಹರಿಯಿತು, ಮೂಗಿನಿಂದ ರಕ್ತ ಇಳಿದು ಮೀಸೆ ತೊಯ್ದಿತು, ಕಲ್ಲುಹಾಸಿನ ಮೇಲೆ ಅಂಗಾತ ಬಿದ್ದವನನ್ನು ಚಪ್ಪಲಿ ಕಾಲಲ್ಲಿ ತುಳಿದರು. ಸಾಕು ಬಿಡ್ರಿ, ಸಾಕು ಬಿಡ್ರಿ ಎಂದು ಟೀಚರ್ ಬಾಯಿ ಕೂಗಿದರೂ ಯಾರ ಕಿವಿಗೂ ಬೀಳಲಿಲ್ಲ. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಪ್ರತಿ ಒದೆಗೂ ಖುಷಿಯಾಯಿತು. ಅವನ ಹೆಂಡತಿ ಬಂದು ಮೈಮೇಲೆ ಬಿದ್ದು ಮುಚ್ಚಿಕೊಂಡಾಗಲೇ ಅದು ನಿಂತದ್ದು.

ಜನ ಚದುರಿದರು. ಹೋಗುವಾಗ ಒಬ್ಬಿಬ್ಬರು ನನ್ನ ಭುಜ ತಟ್ಟಿ, "ತಪ್ಪ ತಿಳ್ಕೋಬ್ಯಾಡ್ರಿ," ಎಂದರು. ಮುಂಜಾನೆ ಹೊಡೆದವರು ಸಂಜೆಗೆ ನನಗೆ ರೀ ಹಚ್ಚಿದರು. ನಾನು ದುರ್ಬೀನಿನ ಚೂರುಗಳನ್ನು ಮೆಟ್ಟಿಲಿನಿಂದ ಆರಿಸಿ ಚೀಲಕ್ಕೆ ಹಾಕಿದೆ. ದೊಡ್ಡ ಗಾಜು ಉಳಿದಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಒಳಗೆ ಬಂದೆ. ನನ್ನ ಹೆಂಡತಿ ಕಂಪ್ಯೂಟರ್ ಮುಂದೆ ಕೂತಿದ್ದಳು. ಸುಳಿ ನೋಡುತ್ತಿದ್ದಾಳೆ ಅಂದುಕೊಂಡೆ, ಎದೆ ತುಂಬಿ ಬಂತು. ಹತ್ತಿರ ಹೋದರೆ ಪರದೆಯ ಮೇಲಿದ್ದದ್ದು ಸುಳಿಯಲ್ಲ, ಕಿತ್ತಳೆ ಮಬ್ಬು. ಅವಳು ಬಾಣದ ಗುಂಡಿ ಒತ್ತಿದಳು. ಇನ್ನೊಂದು ಮಬ್ಬು ಬಂತು. ಅದಕ್ಕೆ ಮುಖ ಹತ್ತಿರ ಒಯ್ದು ಮೂಲೆಮೂಲೆ ನೋಡಿ, ಮತ್ತೆ ಒತ್ತಿದಳು. ರಾತ್ರಿಯೆಲ್ಲ ನಾನು ತೆಗೆದ ಅಷ್ಟನ್ನೂ ಒಂದೊಂದಾಗಿ ನೋಡುತ್ತಿದ್ದಳು. ನಾನು ಹಿಂದೆ ನಿಂತದ್ದು ಅವಳಿಗೆ ಗೊತ್ತಿತ್ತು, ತಿರುಗಲಿಲ್ಲ. ಕೊನೆಯದು ಬಂತು. ಆಮೇಲೆ ಬಿಳಿ ಬಟ್ಟೆಯವು ಬಂದವು, ಅವೂ ಮುಗಿದವು.

"ಉಳಿದವು ಎಲ್ಲಿ ಇಟ್ಟೀರಿ?" ಎಂದಳು.

"ಇಷ್ಟೇ ಅದಾವ," ಎಂದೆ.

ಅವಳು ಹೂಂ ಎಂದಳು. ಕುರ್ಚಿಯನ್ನು ಇನ್ನಷ್ಟು ಮುಂದೆ ಎಳೆದುಕೊಂಡು ಮೊದಲನೆಯದರಿಂದ ಮತ್ತೆ ಶುರು ಮಾಡಿದಳು.